ಸೊಗಡು ಕೈಗೆ ಅಂಟಬೇಕು

ಧನುರ್ಮಾಸದ ಬೆಳಗಿನಲ್ಲಿ ಚಿಂತಾಮಣಿ, ಮುಳಬಾಗಿಲು, ಗೌರಿಬಿದನೂರು, ಯಾವ ಊರಿನ ಸಂತೆಗೆ ಹೋದರೂ ಅವರೆಕಾಯಿ ರಾಶಿ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಸೊಗಡು ಮೂಗಿಗೆ ಬಡಿಯುತ್ತದೆ. ಈ ಕಡೆಯಿಂದ ಬೆಂಗಳೂರಿಗೋ ಅದರಾಚೆಗೋ ಹೋಗಿ ನೆಲೆಸಿದವರು ಊರು ನೆನೆದಾಗ ಮೊದಲು ಹೇಳುವುದು ಇದನ್ನೇ. ಜೊತೆಗೆ ‘ಈಗಿನ ಅವರೆಯಲ್ಲಿ ಆ ಸೊಗಡೇ ಇಲ್ಲ’ ಅಂತಲೂ ಹೇಳುತ್ತಾರೆ. ಅದು ಅರ್ಧ ನಿಜ. ತಳಿ ಬದಲಾಗಿದೆ, ಹೌದು. ಆದರೆ ಅವರೆಯನ್ನು ಕೊಳ್ಳುವ, ಸುಲಿಯುವ, ಬೇಯಿಸುವ ರೀತಿಯೂ ಬದಲಾಗಿದೆ. ತಳಿಯ ವಿಷಯದಲ್ಲಿ ನಾವು ಮಾಡಬಹುದಾದದ್ದು ಕಡಿಮೆ, ಉಳಿದದ್ದೆಲ್ಲ ನಮ್ಮ ಕೈಯಲ್ಲೇ ಇದೆ. ಬಾಲ್ಯದ ವಾಸನೆಗಳೂ ಸದ್ದುಗಳೂ ಯಾವುದೋ ಒಂದು ಕೆಲಸದೊಳಗೆ ಇರುತ್ತವೆ. ಕೆಲಸ ಬಿಟ್ಟು ವಾಸನೆ ಮಾತ್ರ ಬೇಕೆಂದರೆ ಸಿಗುವುದಿಲ್ಲ.

ಅವರೆಯ ಸೊಗಡು ಇರುವುದು ಕಾಳಿನಲ್ಲಲ್ಲ, ಸಿಪ್ಪೆಯ ಮೇಲೆ. ಕಾಯಿಯ ಮೈಮೇಲಿನ ಸಣ್ಣ ರೋಮಗಳಿಂದ ಎಣ್ಣೆಯಂಥ ಜಿಗುಟು ಒಸರುತ್ತದೆ. ಅದರಲ್ಲಿರುವ ಕೊಬ್ಬಿನ ಆಮ್ಲಗಳೇ ಆ ಘಮಕ್ಕೆ ಕಾರಣ. ಎಣ್ಣೆಯ ಗುಣವಾದ್ದರಿಂದ ಬರೀ ನೀರಿಗೆ ಹೋಗುವುದಿಲ್ಲ. ಕಾಯಿ ಸುಲಿದವರ ಬೆರಳು ಸೋಪು ಹಾಕಿ ತೊಳೆದರೂ ಗಂಟೆಗಟ್ಟಲೆ ಅವರೆಯದೇ ವಾಸನೆ ಹೊಡೆಯುತ್ತದೆ. ಇಷ್ಟು ತಿಳಿದರೆ ಮಿಕ್ಕದ್ದು ತಾನೇ ಅರ್ಥವಾಗುತ್ತದೆ. ಸುಲಿದಿಟ್ಟ ಕಾಳನ್ನು, ಇಲ್ಲವೇ ಕಾಳು ನೆನೆಸಿ ಮೇಲಿನ ತೊಗಲು ತೆಗೆದ ಹಿತಕಿದ ಬೇಳೆಯನ್ನೇ ಪ್ಯಾಕೆಟ್ಟಿನಲ್ಲಿ ಕೊಂಡು ತಂದರೆ ಸೊಗಡು ಮಾರುವವರ ಹತ್ತಿರವೇ ಉಳಿದುಹೋಗಿರುತ್ತದೆ. ಮನೆಯಲ್ಲಿ ಎಲ್ಲರೂ ಮೊರ ಮುಂದಿಟ್ಟುಕೊಂಡು ಕೂತು ಸುಲಿದರೆ ಅದು ಬೆರಳಿಗೆ, ಬೆರಳಿಂದ ಕಾಳಿಗೆ, ನಡುಮನೆಗೆ ಹತ್ತುತ್ತದೆ. ಮಕ್ಕಳನ್ನು ಸುಲಿಯಲು ಕೂರಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಸಾರು ತಿಂದ ಮಗುವಿಗಿಂತ ಕಾಯಿ ಸುಲಿದ ಮಗುವಿಗೆ ಅವರೆಕಾಲ ಹೆಚ್ಚು ನೆನಪಿರುತ್ತದೆ.

ಕೊಳ್ಳುವಾಗ ಒಂದೆರಡು ಕಾಯಿ ಅಂಗೈಯಲ್ಲಿ ಉಜ್ಜಿ ನೋಡಿ. ಕೈ ಜಿಡ್ಡಾಗಬೇಕು, ಘಾಟಾದ ಹಸಿರು ವಾಸನೆ ಬರಬೇಕು. ಕಾಯಿ ನುಣುಪಾಗಿ, ಒಣಗಿದಂತಿದ್ದು ಕೈಗೆ ಏನೂ ಅಂಟದಿದ್ದರೆ ಅದು ಕೊಯ್ದು ದಿನ ಕಳೆದದ್ದು, ಇಲ್ಲವೇ ಸೊಗಡು ಕಡಿಮೆಯ ತಳಿ. ಹಿಂದೆ ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಅಕ್ಕಡಿ ಸಾಲಿನಲ್ಲಿ ಬಿತ್ತುತ್ತಿದ್ದ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಕಟ್ಟುತ್ತದೆ, ಹಾಗಾಗಿ ಕಾಯಿ ಚಳಿಗಾಲಕ್ಕೇ ಬರುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4ರಂಥ ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ವರ್ಷದ ಯಾವ ಕಾಲದಲ್ಲೂ ಬೆಳೆಯಬಹುದು, ರೈತರಿಗೆ ಅದರಿಂದ ಅನುಕೂಲವಾಗಿದೆ, ಅದನ್ನು ದೂರುವುದು ಸರಿಯಲ್ಲ. ಆದರೆ ಬೇಸಿಗೆಯಲ್ಲಿ ಕೊಂಡ ಅವರೆಯಿಂದ ಸಂಕ್ರಾಂತಿಯ ಘಮ ಬರಲಿಲ್ಲವೆಂದು ಕೊರಗಿ ಫಲವಿಲ್ಲ. ಇಬ್ಬನಿ ಬಿದ್ದಷ್ಟೂ ಸೊಗಡು ಕೂಡುತ್ತದೆ ಎನ್ನುವುದು ಈ ಕಡೆಯ ರೈತರ ಮಾತು. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ, ಬೆಳಿಗ್ಗೆ ಹೊತ್ತಿನಲ್ಲೇ ಕೊಳ್ಳಿ. ಬಟ್ಟೆಚೀಲದಲ್ಲಿ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಟ್ಟರೆ ಕಾಯಿ ಬೆವರಿ, ಸಂಜೆಗೆ ಕಪ್ಪು ಮಚ್ಚೆ ಬಿದ್ದು ಮುಗ್ಗಲು ನಾತ ಹಿಡಿಯುತ್ತದೆ. ಸುಲಿಯುವಾಗ ಪ್ರತಿ ಕಾಯಿಯನ್ನೂ ಪೂರ್ತಿ ಬಿಡಿಸಿ ನೋಡಿ, ಕೊರೆಯುವ ಹುಳ ಒಳಗೇ ಸುರುಳಿ ಸುತ್ತಿ ಕೂತಿರುತ್ತದೆ. ತೂತಿರುವ ಕಾಯಿ ಪಕ್ಕಕ್ಕಿಡಿ. ಸಿಪ್ಪೆ ಎಸೆಯಬೇಡಿ, ಅಕ್ಕಪಕ್ಕದಲ್ಲಿ ಹಸು ಇದ್ದರೆ ಅದಕ್ಕೆ ಹಬ್ಬ.

ನಾಲ್ಕು ಜನರ ಹಿತಕಿದ ಬೇಳೆ ಸಾರಿಗೆ ಒಂದೂವರೆ ಕಿಲೋ ಕಾಯಿ ಬೇಕು. ಸುಲಿದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಾಳು ಸಿಗುತ್ತದೆ. ರಾತ್ರಿ ಕಾಳು ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ನೀರು ಹಾಕಿ ನೆನೆಸಿ, ಬೆಳಿಗ್ಗೆ ಹಿತುಕಿ. ಆತುರವಿದ್ದರೆ ಐದಾರು ಗಂಟೆ ನೆನೆದರೂ ಸಾಕು. ಬೆಳಗಾದ ಮೇಲೂ ಹಾಗೇ ಬಿಟ್ಟರೆ ನೀರು ಲೋಳೆಯಾಗಿ ಹುಳಿ ವಾಸನೆ ಬರುತ್ತದೆ, ಆಮೇಲೆ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಕಾಳಿನ ಮೂಗು ಇರುವ ತುದಿಯನ್ನು ಹೊರಗೆ ಮಾಡಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಂದಿನಿಂದ ಒತ್ತಿದರೆ ಬೇಳೆ ಚಿಟಕ್ಕನೆ ಹಾರುತ್ತದೆ. ಬಟ್ಟಲಿನೊಳಕ್ಕೆ ಗುರಿ ಹಿಡಿಯಬೇಕು, ಇಲ್ಲದಿದ್ದರೆ ಗೋಡೆಗೆ. ಸ್ಟೀಲು ಬೋಗುಣಿಗೆ ಬೇಳೆ ಬೀಳುವ ಟಣ್ ಟಣ್ ಸದ್ದು ಮೊದಮೊದಲು ಮಾತ್ರ ಕೇಳುತ್ತದೆ, ತಳ ತುಂಬಿದ ಮೇಲೆ ಅಡಗುತ್ತದೆ. ಆ ಸದ್ದು ಬೇಕೆಂದರೆ ಪ್ಲಾಸ್ಟಿಕ್ ಬುಟ್ಟಿ ಬಿಟ್ಟು ಸ್ಟೀಲು ಪಾತ್ರೆಯನ್ನೇ ಇಟ್ಟುಕೊಳ್ಳಿ.

ಸಾರು ಕೆಡುವುದು ಮಸಾಲೆಯಿಂದ. ಚಕ್ಕೆ ಲವಂಗ ಧಾರಾಳವಾಗಿ ಬಿದ್ದರೆ ಅವರೆ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಇಷ್ಟು ಬೇಳೆಗೆ ಎರಡು ಲವಂಗ, ಅರ್ಧ ಬೆರಳುದ್ದ ಚಕ್ಕೆ ಮೀರಬಾರದು. ಒಂದು ದೊಡ್ಡ ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಸಣ್ಣ ತುಂಡು ಶುಂಠಿ ಹುರಿದುಕೊಂಡು, ಅರ್ಧ ಬಟ್ಟಲು ತೆಂಗಿನತುರಿ, ಒಂದು ಚಮಚ ಗಸಗಸೆ, ಒಂದು ಚಮಚ ಹುರಿಗಡಲೆ, ಎರಡು ಚಮಚ ಧನಿಯ ಪುಡಿ, ಖಾರಕ್ಕೆ ತಕ್ಕ ಮೆಣಸಿನಪುಡಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಬೇಳೆಯನ್ನು ಮೊದಲು ಒಗ್ಗರಣೆಯಲ್ಲಿ ಎರಡು ನಿಮಿಷ ಬಾಡಿಸಿ, ಬಿಸಿನೀರು ಹಾಕಿ ತೆರೆದ ಪಾತ್ರೆಯಲ್ಲೇ ಹತ್ತು ಹದಿನೈದು ನಿಮಿಷ ಬೇಯಿಸಿ. ಕುಕ್ಕರ್ ಬೇಡ. ಎಳೆಯ ಬೇಳೆ ಒಂದು ಕೂಗಿಗೇ ಕರಗಿ ಗಂಜಿಯಾಗುತ್ತದೆ. ಬೇಳೆ ಬೆರಳಲ್ಲಿ ಒತ್ತಿದರೆ ಒಡೆಯುವ ಹದಕ್ಕೆ ಬಂದ ಮೇಲೆ ಮಸಾಲೆ, ಕೊನೆಗೆ ಟೊಮೆಟೊ. ಹುಳಿ ಮೊದಲೇ ಬಿದ್ದರೆ ಬೇಳೆ ಬಿರುಸಾಗೇ ಉಳಿಯುತ್ತದೆ.

ದೂರದ ಊರಿಗೆ ಕಳಿಸುವವರು ಕಾಳನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ ತೆಗೆದು, ತಕ್ಷಣ ಐಸ್‌ನೀರಿಗೆ ಹಾಕಿ, ಬಟ್ಟೆಯ ಮೇಲೆ ಪೂರ್ತಿ ಆರಿಸಿ ಫ್ರೀಜರಿನಲ್ಲಿಡಬೇಕು. ಕುದಿನೀರು ತಾಗಿಸದೆ ಹಸಿಯಾಗಿಯೇ ಇಟ್ಟರೆ ಕಾಳಿನೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನಕ್ಕೆ ಕೆಲಸ ಮಾಡಿ ಕಸರು ವಾಸನೆ ತರುತ್ತವೆ. ಜೊತೆಗೆ ಒಂದು ಹಿಡಿ ತಾಜಾ ಕಾಯಿಯನ್ನೂ ಇಡಿ ಎಂದು ಹೇಳುವ ಆಸೆ ನನ್ನದು, ಆದರೆ ವಿದೇಶವಾದರೆ ಹಸಿ ತರಕಾರಿ ಒಯ್ಯಲು ಆಯಾ ದೇಶದ ನಿಯಮ ಬಿಡಬೇಕಲ್ಲ.

ಒಂದು ವಾಸನೆ ಇಷ್ಟು ಹಳೆಯದನ್ನು ಇಷ್ಟು ಬೇಗ ಎಳೆದು ತರುವುದಕ್ಕೆ ಮಿದುಳಿನ ರಚನೆಯೇ ಕಾರಣ. ಕಣ್ಣು, ಕಿವಿಯ ಸುದ್ದಿ ಥಲಾಮಸ್ ಎಂಬ ನಡುಮನೆಯ ಮೂಲಕ ಹಾದು ಮುಂದೆ ಹೋಗುತ್ತದೆ. ಮೂಗಿನದ್ದು ಹಾಗಲ್ಲ. ಭಾವನೆಯ ಅಮಿಗ್ಡಲಕ್ಕೂ ನೆನಪು ಕಟ್ಟುವ ಹಿಪೊಕ್ಯಾಂಪಸ್ಸಿಗೂ ಅದಕ್ಕೆ ಹತ್ತಿರದ ದಾರಿಯಿದೆ. ವಾಸನೆಯಿಂದ ಮರಳುವ ನೆನಪುಗಳು ಹೆಚ್ಚಾಗಿ ಹತ್ತು ವರ್ಷದೊಳಗಿನ ವಯಸ್ಸಿನವು ಎಂದು ಮನಶ್ಶಾಸ್ತ್ರಜ್ಞರ ಅಧ್ಯಯನಗಳು ತೋರಿಸಿವೆ. ಮೂಗಿಗೆ ಇನ್ನೊಂದು ಗುಣವಿದೆ: ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಅದಕ್ಕೆ ಒಗ್ಗಿ ಸುಮ್ಮನಾಗುತ್ತದೆ. ಒಲೆ ಮುಂದೆ ನಿಂತವರಿಗೆ ಘಮ ತಿಳಿಯುವುದಿಲ್ಲ, ಹೊರಗಿಂದ ಬಂದವರು ಬಾಗಿಲಲ್ಲೇ ‘ಏನಮ್ಮಾ, ಅವರೆಕಾಳು ಸಾರಾ?’ ಅನ್ನುತ್ತಾರೆ. ಅಡುಗೆ ಮಾಡಿದವರು ಹತ್ತು ನಿಮಿಷ ಅಂಗಳಕ್ಕೆ ಹೋಗಿ ಬಂದರೆ ಅವರಿಗೂ ಅದು ಸಿಗುತ್ತದೆ.

ಸಾರಿಗೆ ಹಿಟ್ಟು ಬೇಕು. ಹಿಟ್ಟು ಅಂದರೆ ನಮ್ಮಲ್ಲಿ ಮುದ್ದೆಯೇ. ಅದರ ವಾಸನೆ ಕೆಡುವುದು ಮಿಲ್ಲಿನಿಂದ ಮನೆಗೆ ಬರುವ ದಾರಿಯಲ್ಲಿ. ಬೀಸಿದ ರಾಗಿ ಹಿಟ್ಟು ಬಿಸಿಯಾಗಿರುತ್ತದೆ. ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರಿ ಗಂಟು ಕಟ್ಟಿ ಮುಗ್ಗುತ್ತದೆ. ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿ ತುಂಬಿ. ಒಂದು ಲೋಟ ಹಿಟ್ಟಿಗೆ ಎರಡರಿಂದ ಎರಡೂಕಾಲು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕಿ, ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಆಗಲೇ ತಿರುವಬೇಡಿ. ಕೋಲಿನಿಂದ ಗುಡ್ಡೆಯ ನಡುವೆ ತಳದವರೆಗೆ ತೂತು ಮಾಡಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬಿಡಿ. ಮೊದಲು ನೀರಿನ ಕೊತಕೊತ ಸದ್ದು ಇರುತ್ತದೆ. ಅದು ದಪ್ಪಗಾಗಿ, ಗುಳ್ಳೆ ನಿಧಾನಕ್ಕೆ ಒಡೆಯುತ್ತ ‘ಪೊತಕ್, ಪೊತಕ್’ ಎಂದಾಗ ಇಳಿಸಿ, ಪಾತ್ರೆಯನ್ನು ಪಾದಗಳ ನಡುವೆ ಬಟ್ಟೆಯಿಂದ ಒತ್ತಿ ಹಿಡಿದು ಕೋಲಿನಿಂದ ತಿರುವಿ, ಮತ್ತೆ ಎರಡು ನಿಮಿಷ ಹಬೆಯಲ್ಲಿಡಿ. ಒದ್ದೆ ಬೆರಳು ತಾಗಿಸಿದರೆ ಅಂಟಬಾರದು, ಹಸಿ ವಾಸನೆ ಹೋಗಿ ಬೆಂದ ರಾಗಿಯ ಘಮ ಬರಬೇಕು. ಸದ್ದು ಬದಲಾಗುವ ಮೊದಲೇ ತಿರುವಿದರೆ ಗಂಟು ಖಂಡಿತ.

ಮೊದಲ ಮಳೆಯ ವಾಸನೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹೆಚ್ಚು ಹೇಳುವುದಿಲ್ಲ. 1964ರಲ್ಲಿ ಆಸ್ಟ್ರೇಲಿಯಾದ ಇಸಾಬೆಲ್ ಜಾಯ್ ಬೇರ್, ರಿಚರ್ಡ್ ಥಾಮಸ್ ಅದಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೊಸ್ಮಿನ್ ಅದರಲ್ಲಿ ಮುಖ್ಯ. ಹನಿ ಮೆಲ್ಲಗೆ ಬಿದ್ದರೆ ವಾಸನೆ ಹೆಚ್ಚು ಏಳುತ್ತದೆ, ಜಡಿಮಳೆಗೆ ಕಡಿಮೆ. ಹಾಗಾಗಿ ಕೆಮ್ಮಣ್ಣಿನ ಅಂಗಳಕ್ಕೆ ಬೇಸಿಗೆಯ ಸಂಜೆ ನೀರು ಎರಚುವಾಗ ಚೆಂಬಿನಿಂದ ಸುರಿಯದೆ ಕೈಯಲ್ಲಿ ಚಿಮುಕಿಸಿ.

ಶ್ರೀನಿವಾಸಪುರದ ಮಾವೂ ಅಷ್ಟೇ. ಬಾದಾಮಿ, ರಸಪುರಿ ಕಾಯಿಯನ್ನು ಹುಲ್ಲಿನ ನಡುವೆ ಒಂದರ ಮೇಲೊಂದು ಒತ್ತದಂತೆ ಇಟ್ಟರೆ ಸುಮಾರು ಒಂದು ವಾರದಲ್ಲಿ ಕೋಣೆಯೇ ಘಮ್ಮೆನ್ನುತ್ತದೆ. ಹಣ್ಣಾಗುವ ಮುಂಚೆ ಫ್ರಿಜ್ಜಿಗಿಟ್ಟರೆ ಚಳಿ ತಿಂದ ಕಾಯಿಯಲ್ಲಿ ಆ ಘಮ ಬರುವುದೇ ಇಲ್ಲ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಿಷೇಧವಿದೆ. ಬಣ್ಣ ಒಂದೇ ಸಮ ಹಳದಿಯಾಗಿದ್ದು, ತೊಟ್ಟಿನ ಬಳಿ ಮೂಗಿಟ್ಟರೂ ವಾಸನೆ ಇಲ್ಲದಿದ್ದರೆ ಬಿಟ್ಟುಬಿಡಿ.

ಸದ್ದಿನ ವಿಷಯ ಬೇರೆ, ಅದನ್ನು ಹಿಡಿದಿಡಬಹುದು. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳ ಸಾಕುವ ಮನೆಗಳಲ್ಲಿ ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲಿನ ಸದ್ದು ಒಮ್ಮೆ ಕೇಳಿದರೆ ಮರೆಯಲಾಗದು. ಜ್ವರದಲ್ಲಿದ್ದಾಗ ತಲೆ ಎತ್ತಿ ಅಲುಗಾಡದೆ ಕೂತಿರುತ್ತವೆ, ಮನೆ ನಿಶ್ಶಬ್ದ. ಎದ್ದ ಮೇಲಿನ ಏಳೆಂಟು ದಿನದಲ್ಲಿ ಹುಳ ತನ್ನ ಆಯುಸ್ಸಿನ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ತಿನ್ನುತ್ತದೆ. ಹೊಸ ಸೊಪ್ಪು ಹಾಕಿದ ಕೆಲವೇ ನಿಮಿಷಕ್ಕೆ ಜೋಳದ ಗರಿಯ ಮೇಲೆ ಸೋನೆ ಮಳೆ ಬಿದ್ದಂಥ ಸರಸರ ಶುರುವಾಗುತ್ತದೆ. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರು ತಟ್ಟಿಗೆ ಹತ್ತಿಸಿದ ಮೇಲೆ ಅದು ನಿಲ್ಲುತ್ತದೆ. ಗೂಡು ಬೇಯಿಸಿ ನೂಲು ತೆಗೆಯುವ ಬಿಚ್ಚಣಿಕೆ ಮನೆಗಳ ನಾತಕ್ಕೆ ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಆ ಬೀದಿಯಲ್ಲಿ ಬೆಳೆದವರಿಗೆ ಅದೇ ತವರಿನ ವಾಸನೆ, ಅದನ್ನು ಯಾರೂ ಕೀಳಾಗಿ ಕಾಣಬಾರದು.

ಈ ಸರಸರವನ್ನು ಫೋನಿನಲ್ಲಿ ಹಿಡಿಯಹೋದವರಿಗೆ ಹೆಚ್ಚಾಗಿ ಸಿಗುವುದು ಖಾಲಿ ಸದ್ದು. ವಾಟ್ಸಾಪ್ ಧ್ವನಿಸಂದೇಶ ಇರುವುದು ಮಾತಿಗೆ. ಒಂದೇ ಸಮ ಬರುವ ಸಣ್ಣ ಸದ್ದನ್ನು ಗದ್ದಲವೆಂದು ತಿಳಿದು ಫೋನೇ ಅದನ್ನು ಅಳಿಸುತ್ತದೆ. ಫೋನಿನ ರೆಕಾರ್ಡರ್ ತೆರೆದು, ಗದ್ದಲ ತಗ್ಗಿಸುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ, ಗುಣಮಟ್ಟ ಅತಿ ಹೆಚ್ಚಿಗೆ ಇಡಿ, ಸಾಧ್ಯವಾದರೆ ಸದ್ದನ್ನು ಕುಗ್ಗಿಸದ ‘ವೇವ್’ (WAV) ಕಡತವಾಗಿ ಉಳಿಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ತಟ್ಟೆಯ ಮೇಲಾಗಲಿ ಸ್ಟ್ಯಾಂಡಿನ ಮೇಲಾಗಲಿ ಇಡದೆ, ಒಂದು ಗೇಣು ದೂರದಲ್ಲಿ ಕೈ ಅಲುಗಿಸದೆ ಹಿಡಿಯಿರಿ. ಫ್ಯಾನ್ ಇದ್ದರೆ ಮನೆಯವರನ್ನು ಕೇಳಿ ಎರಡು ನಿಮಿಷ ನಿಲ್ಲಿಸಿ. ಸೆಂಟು, ಸೊಳ್ಳೆಬತ್ತಿ, ಬೀಡಿಯ ವಾಸನೆ ಹೊತ್ತು ಒಳಗೆ ಹೋಗಬೇಡಿ. ಕೈಕಾಲು ತೊಳೆದು, ಅವರು ಹೇಳಿದ ಕಡೆ ಮಾತ್ರ ನಿಲ್ಲಿ, ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಶುರುವಿನಲ್ಲೇ ಊರು, ತಾರೀಖು, ಹುಳದ ಹಂತವನ್ನು ಬಾಯಲ್ಲಿ ಹೇಳಿಬಿಡಿ. ಬೇರೆಯವರಿಗೆ ಕಳಿಸುವಾಗ ಆಡಿಯೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ.

ಅದೇ ರೆಕಾರ್ಡರನ್ನು ಹಿರಿಯರ ಅಡುಗೆಮನೆಗೂ ಒಯ್ಯಿರಿ. ‘ಅಜ್ಜಿ, ಎಷ್ಟು ಹಾಕ್ತೀರ?’ ಎಂದರೆ ‘ಒಂದು ಹಿಡಿ, ಅರ್ಧ ಪಾವು, ಕಣ್ಣಂದಾಜು’ ಎಂಬ ಉತ್ತರ ಬರುತ್ತದೆ. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು ಎಂಬ ಲೆಕ್ಕ ಎಲ್ಲ ಕಡೆ ಒಂದೇ, ಆದರೆ ರಾಗಿಯ ಪಾವಿನ ತೂಕ ಬೇರೆ, ಹಿಟ್ಟಿನದು ಬೇರೆ. ಅವರ ಪಾವಿನಲ್ಲೇ ತುಂಬಿಸಿ ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಹಿಡಿಯನ್ನು ಮೂರು ಸಲ ಹಾಕಿಸಿ, ಮೂರನ್ನೂ ತೂಗಿ ಸರಾಸರಿ ತೆಗೆಯಿರಿ. ಅವರ ಕೈಯಿಂದಲೇ ಹಾಕಿಸಿ, ನಿಮ್ಮ ಹಿಡಿ ಅವರದ್ದಕ್ಕಿಂತ ದೊಡ್ಡದಿರುತ್ತದೆ.