ಜೂನ್ ಬಿಸಿಲಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಇಳಿದು ಹತ್ತಿದ ದಿನ

ಕುಮಾರ ಪರ್ವತ ಹತ್ತಿದವರಿಗೆ ಗೊತ್ತು, ಅಲ್ಲಿ ಕಷ್ಟವೆಲ್ಲ ಮೊದಲೇ ಬರುತ್ತದೆ. ಕಾಲು ಸೋತರೆ ಅರ್ಧ ದಾರಿಯಲ್ಲಿ ಕೂತು, ಇವತ್ತಿಗೆ ಸಾಕು ಅಂತ ವಾಪಸ್ ಇಳಿದುಬಿಡಬಹುದು. ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಆಳ ಕಣಿವೆ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ಮೈಯಲ್ಲಿ ಶಕ್ತಿ ಇರುವಾಗ, ತಂಪಿರುವಾಗ, ಇಳಿಜಾರಿನಲ್ಲಿ ಸರಸರ ಇಳಿದುಬಿಡುತ್ತೀರಿ. ಹತ್ತುವ ಕೆಲಸ ಆಮೇಲಿನದು, ಅದೂ ಬಿಸಿಲು ನೆತ್ತಿಗೆ ಬರುವ ಹೊತ್ತಿನಲ್ಲಿ. ಸುಸ್ತಾಯಿತು ಅಂತ ಗೊತ್ತಾಗುವಷ್ಟರಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ ಇನ್ನೂ ಬಾಕಿ ಇರುತ್ತದೆ.

ನಾವಿರುವುದು ಅದೇ ಅರಿಜೋನಾದ ಫೀನಿಕ್ಸ್ ನಗರದ ಪಕ್ಕದ ಚಾಂಡ್ಲರ್‌ನಲ್ಲಿ. ಇಲ್ಲಿಯ ಬೇಸಿಗೆ ಹೇಗಿರುತ್ತದೆ ಅಂದರೆ, 2023ರಲ್ಲಿ ಸತತ 31 ದಿನ ಫೀನಿಕ್ಸ್‌ನಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು, ನಮ್ಮ ಲೆಕ್ಕದಲ್ಲಿ 43 ಡಿಗ್ರಿಗಿಂತ ಜಾಸ್ತಿ. ಅತಿ ಬಿಸಿಲಿನ ಎಚ್ಚರಿಕೆ ಇರುವ ದಿನ ಊರೊಳಗಿನ ಕ್ಯಾಮಲ್‌ಬ್ಯಾಕ್ ಬೆಟ್ಟದ ದಾರಿಗಳನ್ನೇ ನಗರಾಡಳಿತ ಹಗಲು ಹೊತ್ತು ಮುಚ್ಚಿಬಿಡುತ್ತದೆ. ಬಿದ್ದವರನ್ನು ಹೊತ್ತು ತರಲು ಹೋದ ಅಗ್ನಿಶಾಮಕ ಸಿಬ್ಬಂದಿಗೇ ಬಿಸಿಲು ಬಡಿದ ಮೇಲೆ ಬಂದ ನಿಯಮ ಇದು. ಹಾಗಾಗಿ ಇಲ್ಲಿ ಕೆಲವು ವರ್ಷ ಕಳೆದವರು ಬೇಸಿಗೆಯಲ್ಲಿ ನಡೆದರೆ ಬೆಳಗಿನ ಜಾವ ನಡೆಯುತ್ತಾರೆ, ಇಲ್ಲವಾದರೆ ಮನೆಯಲ್ಲಿರುತ್ತಾರೆ.

ನನ್ನ ಭಾವಮೈದ ಬೆಂಗಳೂರಿನಿಂದ ಬಂದಿದ್ದು ಜೂನ್‌ನಲ್ಲಿ. ಹುಟ್ಟಿ ಬೆಳೆದದ್ದು ರಾಯಚೂರು. ವಾರಾಂತ್ಯ ಬಂದರೆ ಟ್ರೆಕ್ಕಿಂಗ್ ಹೋಗುವ ಹುಡುಗ, ಗಟ್ಟಿಮುಟ್ಟಾಗಿದ್ದಾನೆ. ಗ್ರ್ಯಾಂಡ್ ಕ್ಯಾನ್ಯನ್ ನೋಡಲೇಬೇಕು, ಬರೀ ಮೇಲೆ ನಿಂತು ಫೋಟೋ ತೆಗೆದು ಬರುವುದಲ್ಲ, ಒಳಗೆ ಇಳಿಯಲೇಬೇಕು ಅಂತ ಅವನ ಹಟ. ಬಿಸಿಲಿನ ಮಾತೆತ್ತಿದರೆ, "ರಾಯಚೂರಾಗ ಹುಟ್ಟಿ ಬೆಳದಾಂವ ಭಾವ ನಾನು, ನನಗ ಬಿಸಿಲು ಹೊಸದೇನಲ್ಲ" ಅಂದ.

ಈ ಮಾತನ್ನು ನಮ್ಮ ಕಡೆಯವರ ಬಾಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ರಾಯಚೂರು, ಬಳ್ಳಾರಿ, ಕಲಬುರಗಿ ಅಂದರೆ ಬಿಸಿಲಿಗೆ ಜಗ್ಗದವರು ಅಂತ. ಆದರೆ ರಾಯಚೂರಿನ ಹೊಲದಲ್ಲಿ ದುಡಿಯುವವರು ಮೇ ತಿಂಗಳಲ್ಲಿ ಏನು ಮಾಡುತ್ತಾರೆ ನೋಡಿ. ಕತ್ತಲಿರುವಾಗಲೇ ಹೋಗುತ್ತಾರೆ, ಬಿಸಿಲೇರುವ ಹೊತ್ತಿಗೆ ಬೇವಿನ ಮರದ ಕೆಳಗೆ ಬಂದು ಕೂರುತ್ತಾರೆ, ತಲೆಗೆ ಟವೆಲ್ ಸುತ್ತಿರುತ್ತಾರೆ, ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತಾರೆ. ಮಟಮಟ ಮಧ್ಯಾಹ್ನ ಬೆನ್ನಿಗೆ ಭಾರ ಹಾಕಿಕೊಂಡು ಗುಡ್ಡ ಹತ್ತುವುದಿಲ್ಲ. ಅವರು ಬದುಕಿರುವುದೇ ಬಿಸಿಲಿಗೆ ಹೆದರಿ ನಡೆದುಕೊಳ್ಳುವುದರಿಂದ. ಇನ್ನೊಂದು ವಿಷಯ, ಬಿಸಿಲಿಗೆ ಮೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು, ಅದರಿಂದ ದೂರ ಉಳಿದರೆ ಕೆಲವೇ ವಾರಗಳಲ್ಲಿ ಆ ಹೊಂದಾಣಿಕೆ ಹೋಗಿಬಿಡುತ್ತದೆ. ಬೆಂಗಳೂರಿನ ಎಸಿ ಆಫೀಸಿನಲ್ಲಿ ವರ್ಷಗಟ್ಟಲೆ ಕೂತವನ ಮೈಗೆ ಹುಟ್ಟಿದೂರಿನ ಬಿಸಿಲು ನೆನಪಿರುವುದಿಲ್ಲ.

ಹಿಂದಿನ ರಾತ್ರಿ ಪಾರ್ಕಿನ ಹೊರಗಿನ ಟುಸಾಯನ್‌ನಲ್ಲಿ ಉಳಿದು, ಬೆಳಿಗ್ಗೆ ಆರಕ್ಕೆಲ್ಲ ಬ್ರೈಟ್ ಏಂಜೆಲ್ ದಾರಿಯಲ್ಲಿ ಇಳಿಯಲು ಶುರು ಮಾಡಿದೆವು. ಮೇಲಂಚು ಇರುವುದು ಸುಮಾರು 6,800 ಅಡಿ ಎತ್ತರದಲ್ಲಿ. ಜೂನ್ ಆದರೂ ಆ ಹೊತ್ತಿಗೆ ಜಾಕೆಟ್ ಬೇಕಿತ್ತು. ಮೋಸ ಇರುವುದೇ ಇಲ್ಲಿ. ಪ್ರತಿ ಸಾವಿರ ಅಡಿ ಇಳಿದರೆ ಹತ್ತಿರಹತ್ತಿರ ಮೂರು ಡಿಗ್ರಿ ಸೆಲ್ಸಿಯಸ್ ಏರುತ್ತದೆ, ತಳದಲ್ಲಿ ಕೊಲೊರಾಡೊ ನದಿಯ ದಂಡೆಯಲ್ಲಿ ಬೇಸಿಗೆಯ ಮಧ್ಯಾಹ್ನ ನೆರಳಲ್ಲೇ 45 ಡಿಗ್ರಿ ಮುಟ್ಟುವುದುಂಟು. ಬೆಳಗಿನ ತಂಪಿನಲ್ಲಿ ಜಾಕೆಟ್ ಹಾಕಿ ನಿಂತವನಿಗೆ ಇದು ಲೆಕ್ಕವಾಗಿ ತಿಳಿಯುತ್ತದೆ, ಮೈಗೆ ತಿಳಿಯುವುದಿಲ್ಲ.

ದಾರಿ ಶುರುವಾಗುವಲ್ಲೇ ಎಚ್ಚರಿಕೆ ಫಲಕಗಳಿವೆ. ಒಂದೇ ದಿನದಲ್ಲಿ ನದಿಗೆ ಇಳಿದು ಹತ್ತಬೇಡಿ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಲ್ಲಿ ನಡೆಯಬೇಡಿ, ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತಲು ಇಟ್ಟುಕೊಳ್ಳಿ. ಇಳಿಯುವವರನ್ನು ನಿಲ್ಲಿಸಿ, ಎಲ್ಲಿಗೆ, ಎಷ್ಟು ನೀರಿದೆ, ತಿನ್ನಲು ಏನಿದೆ ಅಂತ ಕೇಳುವ ರೇಂಜರ್‌ಗಳೂ ಸ್ವಯಂಸೇವಕರೂ ಇದ್ದಾರೆ. 1996ರ ಬೇಸಿಗೆಯಲ್ಲಿ ಆದ ಸಾವುಗಳ ನಂತರ, 1997ರಲ್ಲಿ ಶುರುವಾದ ವ್ಯವಸ್ಥೆ ಅದು. ಬರೀ ಅನುಭವ ಇಲ್ಲದವರಿಗಾಗಿ ಇದೆಲ್ಲ ಅಂದುಕೊಳ್ಳಬೇಡಿ. 2004ರಲ್ಲಿ ಇದೇ ಕ್ಯಾನ್ಯನ್‌ನಲ್ಲಿ ಒಳ್ಳೆಯ ಮ್ಯಾರಥಾನ್ ಓಟಗಾರ್ತಿಯೊಬ್ಬಳು ನೀರಿಲ್ಲದೆ ಬಿಸಿಲಿಗೆ ಸತ್ತಳು.

ನಮ್ಮ ಯೋಜನೆ ಮೇಲಿನಿಂದ ಮೂರು ಮೈಲಿ ದೂರದ ತಂಗುದಾಣದವರೆಗೆ ಮಾತ್ರ. ಅಂದರೆ ಸುಮಾರು 2,100 ಅಡಿ ಇಳಿದು, ಅಷ್ಟೇ ಹತ್ತುವುದು. ಅಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿನ ನಲ್ಲಿ ಇರುತ್ತದೆ. ಅಲ್ಲಿಗೆ ಮುಟ್ಟಿದಾಗ ಎಂಟು ದಾಟಿತ್ತು. ಕೆಳಗೆ ಹಸಿರು ಮರಗಳ ಗುಂಪು ಕಾಣುತ್ತದೆ, ಹವಾಸುಪಾಯಿ ಗಾರ್ಡನ್ಸ್, ಇನ್ನು ಒಂದೂವರೆ ಮೈಲಿ. ಇಷ್ಟು ಬಂದು ಅಲ್ಲಿಗೆ ಹೋಗದೆ ವಾಪಸ್ ಹೋಗುವುದೇ ಅಂತ ಭಾವಮೈದ ಗೋಗರೆದ. ನಾನು ಒಪ್ಪಲಿಲ್ಲ. ಮುಖ ಊದಿಸಿಕೊಂಡೇ ತಿರುಗಿದ.

ಒಂಬತ್ತೂವರೆ ಹೊತ್ತಿಗೆ ಬಂಡೆಗೋಡೆಯ ನೆರಳು ದಾರಿಯಿಂದ ಸರಿದುಹೋಗಿತ್ತು. ಮೇಲಿಂದ ಬಿಸಿಲು, ಪಕ್ಕದ ಬಂಡೆಯಿಂದ ಝಳ, ಕಾಲಡಿಯ ಮಣ್ಣಿನಿಂದಲೂ ಝಳ. ಗಾಳಿ ಬೀಸಿದರೆ ಹಂಚಿನ ಮೇಲಿಂದ ಬಂದ ಹಾಗೆ. ಆದರೆ ಮೈ ಒಣಗಿಯೇ ಇರುತ್ತದೆ. "ಬೆವರೇ ಬರವಲ್ದು ನೋಡ್ರಿ ಭಾವ, ಬೆಂಗಳೂರಾಗಾದ್ರ ಇಷ್ಟೊತ್ತಿಗೆ ತೊಯ್ದು ತೊಪ್ಪೆ ಆಗ್ತಿದ್ದೆ" ಅಂದ ಅವನು, ಖುಷಿಯಿಂದ. ನಾನು ಅವನ ಬೆನ್ನು ನೋಡಿದೆ. ಕಪ್ಪು ಟೀ ಶರ್ಟಿನ ಮೇಲೆ ಬಿಳಿ ಬಿಳಿ ಉಪ್ಪಿನ ಗೆರೆಗಳು. ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗುತ್ತಿದ್ದರೂ, ಒಣ ಹವೆಯಲ್ಲಿ ಅದು ಬಂದಹಾಗೇ ಆರಿಹೋಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಮೈ ಒದ್ದೆಯಾಗಿ ನಿಮಗೆ ಹೇಳುತ್ತದೆ, ಮರುಭೂಮಿಯಲ್ಲಿ ಏನೂ ಹೇಳುವುದಿಲ್ಲ.

ಅದಾಗಿ ಸ್ವಲ್ಪ ಹೊತ್ತಿಗೆ ಅವನ ಮಾತು ನಿಂತಿತು. ಅಲ್ಲಿಯವರೆಗೆ ಒಂದೇ ಸಮ ಹರಟುತ್ತಿದ್ದವನು. ಕೇಳಿದ್ದಕ್ಕೆ ಹೂಂ, ಹಾಂ ಅಷ್ಟೇ. ತಲೆ ನೋಯುತ್ತಿದೆಯಾ ಅಂದರೆ ಸಿಡುಕಿದ. ಬೆಳಿಗ್ಗೆ ಅಷ್ಟು ಬೇಗ ತಿಂಡಿ ಸೇರಲ್ಲ ಅಂತ ಏನೂ ತಿಂದಿರಲಿಲ್ಲ, ದಾರಿಯಲ್ಲಿ ಕೊಟ್ಟ ನಿಪ್ಪಟ್ಟನ್ನೂ ಮುಟ್ಟಿರಲಿಲ್ಲ, ಬರೀ ನೀರು ಕುಡಿಯುತ್ತಾ ಬಂದಿದ್ದ. ಒಂದು ತಿರುವಿನಲ್ಲಿ ಬಂಡೆ ಹಿಡಿದು ನಿಂತು ವಾಂತಿ ಮಾಡಿಕೊಂಡ. ತೋಳು ಮುಟ್ಟಿದರೆ, ಆ ಉರಿಯಲ್ಲಿ, ರೋಮ ನೆಟ್ಟಗಾಗಿತ್ತು.

ಆಗ ನನಗೆ ನಿಜಕ್ಕೂ ಭಯವಾಯಿತು. ಅವನಕ್ಕನಿಗೆ ಏನು ಹೇಳಲಿ ಅನ್ನುವುದೇ ತಲೆಯಲ್ಲಿ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಪಕ್ಕದಲ್ಲೇ ಬಂಡೆ ಸ್ವಲ್ಪ ಹೊರಚಾಚಿದ ಕಡೆ ನೆರಳಿತ್ತು, ಅಲ್ಲಿ ಕೂರಿಸಿದೆ. ಬ್ಯಾಗ್ ಇಳಿಸಿ, ಶರ್ಟಿನ ಮೇಲೆ, ತಲೆಯ ಮೇಲೆ, ಕುತ್ತಿಗೆಗೆ ನೀರು ಹಾಕಿ, ಟೋಪಿಯಿಂದ ಗಾಳಿ ಬೀಸಿದೆ. ಅವನು ಇನ್ನಷ್ಟು ನೀರು ಕೊಡಿ ಅಂದ. ಬರೀ ನೀರು ಕೊಡಲಿಲ್ಲ. ಊರಿಂದ ಅತ್ತೆ ಕಳಿಸಿದ್ದ ಓಆರ್‌ಎಸ್ ಪೊಟ್ಟಣ ಬ್ಯಾಗಿನಲ್ಲಿತ್ತು, ಅದನ್ನು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಚ್ಚಿನವರಿಗೆ ಗೊತ್ತಿಲ್ಲ. ಬಿಸಿಲಲ್ಲಿ ನೀರು ಕುಡಿಯಬೇಕು ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಬೆವರಿನಲ್ಲಿ ಉಪ್ಪೂ ಹೋಗುತ್ತಿರುತ್ತದೆ. ಏನೂ ತಿನ್ನದೆ ಲೀಟರುಗಟ್ಟಲೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ತೆಳ್ಳಗಾಗುತ್ತದೆ. ಅದರ ಲಕ್ಷಣವೂ ತಲೆನೋವು, ವಾಕರಿಕೆ, ಗೊಂದಲ. ಅಂದರೆ ನೀರು ಕಡಿಮೆಯಾದವನೂ ನೀರು ಜಾಸ್ತಿಯಾದವನೂ ನೋಡಲು ಹೆಚ್ಚುಕಡಿಮೆ ಒಂದೇ ತರಹ ಇರುತ್ತಾರೆ. ಎರಡನೆಯವನಿಗೆ ಇನ್ನಷ್ಟು ನೀರು ಕುಡಿಸಿದರೆ ಜೀವಕ್ಕೇ ಅಪಾಯ. ಅದಕ್ಕೇ ಪ್ರತಿ ಸಲ ಕುಡಿಯುವಾಗ ಉಪ್ಪಿನದು ಏನಾದರೂ ತಿನ್ನಬೇಕು, ಹಸಿವಿಲ್ಲದಿದ್ದರೂ.

ನಮ್ಮ ಪುಣ್ಯಕ್ಕೆ ಮೇಲಿಂದ ಒಬ್ಬ ಸ್ವಯಂಸೇವಕಿ ಇಳಿದು ಬರುತ್ತಿದ್ದರು, ಐವತ್ತರ ಆಸುಪಾಸಿನ ಹೆಂಗಸು. ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೆಸರೇನು, ಇವತ್ತು ಯಾವ ವಾರ, ಈಗ ಎಲ್ಲಿದ್ದೀಯ ಅಂತ ಕೇಳಿದರು. ವಾರ ಹೇಳಲು ಸ್ವಲ್ಪ ತಡಬಡಾಯಿಸಿದ, ಆದರೆ ಸರಿಯಾಗಿ ಹೇಳಿದ. ಈ ಪ್ರಶ್ನೆಗಳು ಸುಮ್ನೆ ಕೇಳಿದ್ದಲ್ಲ. ಬಿಸಿಲಿಗೆ ಬರೀ ಬಳಲಿದವನು ತಡವರಿಸಿದರೂ ಉತ್ತರ ಸರಿಯಾಗಿ ಕೊಡುತ್ತಾನೆ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ ಮಾತು ಅಡ್ಡಾದಿಡ್ಡಿಯಾದರೆ ಅದು ಹೀಟ್ ಸ್ಟ್ರೋಕ್, ಅಲ್ಲಿಂದ ಮುಂದೆ ಒಂದೊಂದು ನಿಮಿಷವೂ ಲೆಕ್ಕ. ಕಾಯುವಂತಿಲ್ಲ, ಕೈಗೆ ಸಿಕ್ಕಿದ್ದರಿಂದ ಮೈ ತಣ್ಣಗೆ ಮಾಡಬೇಕು. ಹೆಲಿಕಾಪ್ಟರ್ ಬರುತ್ತದೆ ಅಂತ ನಂಬುವಂತಿಲ್ಲ, ಕಾದ ಗಾಳಿ ತೆಳ್ಳಗಿರುವುದರಿಂದ ತೀರಾ ಬಿಸಿಲಲ್ಲಿ ಅದಕ್ಕೂ ಹಾರಲು ಕಷ್ಟ.

ಇಪ್ಪತ್ತು ನಿಮಿಷದ ಮೇಲೆ ಅವನ ಮುಖಕ್ಕೆ ಬಣ್ಣ ಬಂತು. ಮೆಲ್ಲಗೆ, ಪ್ರತಿ ತಿರುವಿನಲ್ಲಿ ನಿಂತು ನಿಂತು, ಮೇಲಿನಿಂದ ಒಂದೂವರೆ ಮೈಲಿ ದೂರದ ಇನ್ನೊಂದು ತಂಗುದಾಣ ಮುಟ್ಟಿದೆವು. ಆ ಹೆಂಗಸು ಕಟ್ಟುನಿಟ್ಟಾಗಿ ಹೇಳಿದರು, ನಾಲ್ಕು ಗಂಟೆಯವರೆಗೆ ಇಲ್ಲಿಂದ ಏಳಕೂಡದು. ಭಾವಮೈದನಿಗೆ ಸಮಾಧಾನವಿಲ್ಲ. ಒಂದೂವರೆ ಮೈಲಿ ಅಷ್ಟೇ ಅಲ್ವಾ, ಮೇಲೆ ಎಸಿ ಇದೆ, ಐಸ್‌ಕ್ರೀಮ್ ಇದೆ, ಹೋಗಿಬಿಡೋಣ ಅಂತ. ಆ ಒಂದೂವರೆ ಮೈಲಿಯಲ್ಲಿ 1,100 ಅಡಿಗಿಂತ ಜಾಸ್ತಿ ಏರು ಇದೆ. 2024ರ ಜುಲೈನಲ್ಲಿ ಒಬ್ಬರು ಇದೇ ದಾರಿಯ ಮೇಲ್ತುದಿಗೆ ಇನ್ನು ನೂರು ಅಡಿ ಇರುವಾಗ ಮಧ್ಯಾಹ್ನದ ಹೊತ್ತು ಕುಸಿದು ತೀರಿಹೋಗಿದ್ದರು. ಅದನ್ನು ಹೇಳಿದ ಮೇಲೆ ಅವನು ಸುಮ್ಮನಾದ.

ಕಲ್ಲಿನ ಆ ಪುಟ್ಟ ತಂಗುದಾಣದಲ್ಲಿ ನಾವು ಇಡೀ ಮಧ್ಯಾಹ್ನ ಕೂತೆವು. ನಲ್ಲಿ ಇತ್ತು, ನೆರಳಿತ್ತು. ಅರ್ಧ ಗಂಟೆಗೊಮ್ಮೆ ಶರ್ಟು ಒದ್ದೆ ಮಾಡಿಕೊಳ್ಳುವುದು, ಸ್ವಲ್ಪ ಶೇಂಗಾ, ನಿಪ್ಪಟ್ಟು, ಮತ್ತೆ ನೀರು. ಅಷ್ಟು ಹೊತ್ತಿನಲ್ಲಿ ನಮ್ಮ ಮುಂದೆ ಹಾದುಹೋದವರನ್ನು ನೋಡುತ್ತಿದ್ದರೆ ಹೊಟ್ಟೆ ತೊಳಸಿದ ಹಾಗಾಗುತ್ತಿತ್ತು. ಹನ್ನೆರಡು ಗಂಟೆಗೆ ಇಳಿಯುವವರು. ಕೈಯಲ್ಲಿ ಅರ್ಧ ಲೀಟರ್ ಬಾಟಲಿ, ಕಾಲಲ್ಲಿ ಚಪ್ಪಲಿ, ಹೆಗಲ ಮೇಲೆ ಟೋಪಿಯಿಲ್ಲದ ಮಗು. ಇಳಿಯುವಾಗ ಎಲ್ಲರ ಮುಖದಲ್ಲೂ ನಗು.

ಅವರಲ್ಲಿ ಒಂದು ಕನ್ನಡದ ಕುಟುಂಬವೂ ಇತ್ತು. ಮಗ, ಸೊಸೆ, ಮೈಸೂರಿನಿಂದ ಬಂದ ಅಪ್ಪ ಅಮ್ಮ. ಮಗನಿಗೆ ಇನ್ನೂ ಕೆಳಗೆ ಹೋಗುವ ಮನಸ್ಸು. ನಾನು ಭಾವಮೈದನನ್ನು ತೋರಿಸಿ, ಬೆಳಿಗ್ಗೆ ಆದದ್ದನ್ನು ಹೇಳಿದೆ. ಮಗ ಕೇಳಿಯೂ ಅನುಮಾನಿಸುತ್ತಿದ್ದ. ಆ ತಾಯಿ ಮಾತ್ರ ಅಲ್ಲೇ ಕಟ್ಟೆಯ ಮೇಲೆ ಕೂತು, "ನಾನು ಇನ್ನೊಂದು ಹೆಜ್ಜೆ ಇಡಲ್ಲಪ್ಪ, ನಿಮ್ಮ ತಂದೆಗೆ ಬಿಪಿ ಮಾತ್ರೆ ಇದೆ, ಅವರನ್ನೂ ಕರ್ಕೊಂಡು ಹೋಗಕೂಡದು" ಅಂದರು. ಅವರ ಮಾತಿನ ಮುಂದೆ ಯಾರೂ ಮಾತಾಡಲಿಲ್ಲ. ಅವರೂ ನಮ್ಮ ಜೊತೆ ಕೂತರು. ಬಿಪಿಯ ಕೆಲವು ಮಾತ್ರೆಗಳು ಮೈಯಿಂದ ನೀರು ಹೊರಹಾಕುತ್ತವೆ, ಬಿಸಿಲಲ್ಲಿ ಅದು ಇನ್ನೂ ಅಪಾಯ. ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರು ದಯವಿಟ್ಟು ಈ ವಿಷಯ ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಆ ದಿನ ನನಗೆ ಗಟ್ಟಿಯಾದದ್ದು ಒಂದೇ ವಿಷಯ. ಬಿಸಿಲು ಮೊದಲು ಕೆಡಿಸುವುದು ತಲೆಯನ್ನು, ಆಮೇಲೆ ಕಾಲನ್ನು. ಕೆಟ್ಟವನಿಗೆ ತಾನು ಕೆಟ್ಟಿದ್ದೇನೆ ಅಂತ ಗೊತ್ತಾಗುವುದಿಲ್ಲ, "ನಾನು ಸರಿ ಇದ್ದೀನಿ" ಅಂತಲೇ ಹೇಳುತ್ತಾನೆ, ಅದನ್ನು ನಂಬಿಯೂ ಇರುತ್ತಾನೆ. ಹಾಗಾಗಿ ಎಷ್ಟು ಗಂಟೆಗೆ ತಿರುಗಬೇಕು ಅನ್ನುವುದು ಮೇಲೆ, ತಂಪಿನಲ್ಲಿ ನಿಂತಿರುವಾಗಲೇ ತೀರ್ಮಾನವಾಗಬೇಕು. ದಾರಿಯಲ್ಲಿ ಜೊತೆಗಾರ ಸಿಡುಕಿದರೆ, ಮಾತು ಬಿಟ್ಟರೆ, ಬೇಜಾರು ಮಾಡಿಕೊಳ್ಳದೆ ಕೂರಿಸಿ ನೋಡಬೇಕು. ಒಬ್ಬರೇ ಹೋಗುವವರಿಗೆ ನೋಡುವವರೇ ಇರುವುದಿಲ್ಲ, ಅದು ನನಗೆ ತೀರಾ ಹೆದರಿಕೆಯ ವಿಷಯ.

ನಾಲ್ಕೂವರೆಗೆ ಹೊರಟು, ಆರೂವರೆ ದಾಟಿದ ಮೇಲೆ ಮೇಲೆ ಬಂದೆವು. ಅವನಿಗೆ ಎರಡು ದಿನ ತಲೆನೋವು ಇತ್ತು, ಆಮೇಲೆ ಸರಿಹೋಯಿತು. ಹವಾಸುಪಾಯಿ ಗಾರ್ಡನ್ಸ್ ನೋಡುವ ಆಸೆ ಮಾತ್ರ ಬಿಟ್ಟಿಲ್ಲ. ನವೆಂಬರ್‌ನಲ್ಲಿ ಬಾ ಅಂದಿದ್ದೇನೆ. ಆಗ ತಂಗುದಾಣದ ನಲ್ಲಿಗಳನ್ನು ಮುಚ್ಚಿರುವ ಸಾಧ್ಯತೆ ಇದೆ, ಮೇಲಂಚಿನ ಹತ್ತಿರ ದಾರಿಯ ಮೇಲೆ ಮಂಜುಗಡ್ಡೆಯೂ ಇರಬಹುದು, ಹಾಗಾಗಿ ನೀರು ಪೂರ್ತಿ ಹೊತ್ತುಕೊಂಡೇ ಹೋಗಬೇಕು, ಜಾರದ ಹಾಗೆ ಬೂಟಿಗೆ ಹಾಕುವ ಲೋಹದ ಮುಳ್ಳಿನ ಪಟ್ಟಿ ಬೇಕು. ಓಆರ್‌ಎಸ್ ಪೊಟ್ಟಣ ಈ ಸಲ ತಾನೇ ತರುತ್ತೇನೆ ಅಂದಿದ್ದಾನೆ.