ಉದಯಪುರದಲ್ಲಿ ಕುದುರೆ ಚಿತ್ರ ನೋಡೋಕೆ ಹೋಗೋರಿಗೆ: ಪಕ್ಕದಲ್ಲಿ ನಿಂತಿರೋ ಸಯೀಸನನ್ನ (ಕುದುರೆ ನೋಡ್ಕೊಳ್ಳೋ ಆಳನ್ನ) ಮರೀಬೇಡಿ

ಉದಯಪುರ ಅಂದ್ರೆ ಪಿಛೋಲಾ ಕೆರೆ, ಬೋಟಿಂಗು, ಸಂಜೆ ಫೋಟೋ ಅಂತ ಪ್ಲಾನ್ ಮಾಡಿ ಸಿಟಿ ಪ್ಯಾಲೇಸ್ ಮ್ಯೂಸಿಯಂಗೆ ಒಂದೆರಡು ಗಂಟೆ ಮಾತ್ರ ಇಟ್ಕೊಳ್ಳೋರೇ ಜಾಸ್ತಿ. ದಯವಿಟ್ಟು ಅರ್ಧ ದಿನ ಇಟ್ಕೊಳ್ಳಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿಬಿಡಿ, ಯಾಕಂದ್ರೆ ಅಲ್ಲಿ ಓಡಾಡೋ ದಾರಿಗಳು ತುಂಬಾ ಇಕ್ಕಟ್ಟು, ಟೂರ್ ಗ್ರೂಪ್‌ಗಳು ಬಂದ್ಮೇಲೆ ಹಿಂದಿನೋರು ತಳ್ತಾ ಇರ್ತಾರೆ, ಒಂದು ಚಿತ್ರದ ಮುಂದೆ ನೆಮ್ಮದಿಯಾಗಿ ನಿಲ್ಲೋಕಾಗಲ್ಲ.

ಇಲ್ಲಿನ ಕುದುರೆ ಚಿತ್ರಗಳು ಮಿನಿಯೇಚರ್, ಅಂದ್ರೆ ತುಂಬಾ ಸೂಕ್ಷ್ಮವಾಗಿ ಬರೆದ ಚಿತ್ರಗಳು, ಹತ್ತಿರದಿಂದ ನೋಡಬೇಕಾದ್ದು. ಒಂದು ಸಣ್ಣ ಭೂತಕನ್ನಡಿ ಜೇಬಲ್ಲಿರಲಿ, ಗಾಜಿನ ಮೇಲೆ ಬೆಳಕು ಹೊಡೆದ್ರೆ ಸ್ವಲ್ಪ ಓರೆಯಾಗಿ ನಿಂತು ನೋಡಿ.

ಮೇವಾಡದ (ಉದಯಪುರ ರಾಜಧಾನಿಯಾಗಿದ್ದ ರಾಜ್ಯ) ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳೋದು ಅಲ್ಲಿನ ರಾಜ ಮಹಾರಾಣಾ, ತಲೆ ಸುತ್ತ ಪ್ರಭಾವಳಿ, ಆಮೇಲೆ ಕುದುರೆ. ಬಿಳಿ ಕುದುರೆ ಆದ್ರೆ ಕಾಲು, ಬಾಲ, ಕೆಲವೊಮ್ಮೆ ಹೊಟ್ಟೆ ಕೆಳಗೂ ಕೆಂಪು ಇರುತ್ತೆ, ಅದು ಮೆಹಂದಿ, ಗಾಯ ಅಂದ್ಕೋಬೇಡಿ. ಕಿವಿ ನೋಡಿ, ತುದಿಗಳು ಒಳಗೆ ಬಾಗಿ ಒಂದಕ್ಕೊಂದು ತಾಗೋ ಹಾಗಿದ್ರೆ ಅದು ಮಾರವಾಡಿ ತಳಿಯ ಗುರುತು. ಇಷ್ಟಾದ್ಮೇಲೆ ಕುದುರೆ ಪಕ್ಕಕ್ಕೆ ಕಣ್ಣು ಹಾಯಿಸಿ, ಅಲ್ಲೇ ಸಯೀಸ ಇರ್ತಾನೆ. ರಾಜನಿಗಿಂತ ಚಿಕ್ಕದಾಗಿ ಬರೆದಿರ್ತಾರೆ, ಆದ್ರೆ ಎಷ್ಟು ಜೀವ ಇರುತ್ತೆ ಅಂತೀರಿ! ಜಾಮಾದ (ಉದ್ದ ನಿಲುವಂಗಿ) ಅಂಚನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಲಿ ಲಗಾಮು, ಇನ್ನೊಂದ್ರಲ್ಲಿ ನೊಣ ಓಡಿಸೋ ಚೌರಿ, ಕುದುರೆ ಜೊತೆಗೇ ಹೆಜ್ಜೆ ಹಾಕ್ತಾ ಇರ್ತಾನೆ. ರಾಜರ ಮುಖ ಪದ್ಧತಿ ಪ್ರಕಾರ ಒಂದೇ ಅಚ್ಚು, ಸಯೀಸನ ಮುಖದಲ್ಲಿ ಮಾತ್ರ ಬಿಸಿಲು, ವಯಸ್ಸು, ಕುರುಚಲು ಗಡ್ಡ ಎಲ್ಲಾ ಕಾಣುತ್ತೆ. ಎಷ್ಟೋ ಚಿತ್ರಗಳಲ್ಲಿ ಕುದುರೆ ಹೆಸರು ಬರೆದಿದ್ದಾರೆ, ಅದನ್ನ ಹಗಲೂ ರಾತ್ರಿ ಸಾಕಿದವನ ಹೆಸರು ಸಿಗೋದು ಅಪರೂಪ, ನನಗೆ ಇದು ತುಂಬಾ ಬೇಜಾರಿನ ಸಂಗತಿ. ಅಕ್ಬರನ ಲಾಯದ ಲೆಕ್ಕ ಅವನ ಆಡಳಿತದ ಬಗ್ಗೆ ಬರೆದ ಐನ್-ಇ-ಅಕ್ಬರಿ ಪುಸ್ತಕದಲ್ಲಿದೆ, ಎರಡು ಕುದುರೆಗೆ ಒಬ್ಬ ಸಯೀಸ ಅಂತ, ಅಲ್ಲೂ ಅವನು ಬರೀ ಲೆಕ್ಕದ ಸಾಲು.

ಮೇವಾಡದ ಮಹಾರಾಣಾ 2ನೇ ಅಮರ್ ಸಿಂಗ್ (1698–1710) ಕಾಲದ ಕೆಲವು ಚಿತ್ರಗಳಲ್ಲಿ ಬಣ್ಣವೇ ಕಮ್ಮಿ, ಸಾಸಿವೆಗಿಂತ ಸಣ್ಣ ಚುಕ್ಕಿಗಳಲ್ಲೇ ಕುದುರೆ ಮೈಯ ಉಬ್ಬು ತಗ್ಗು ತಂದಿದ್ದಾರೆ. ಇಂಥವು ಮೆಲ್ಬರ್ನ್‌ನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದಲ್ಲೂ ಇವೆ, ಅಲ್ಲಿರೋ ಕನ್ನಡದವರು ಹೋಗಿ ನೋಡಬಹುದು, ಇಲ್ಲಿಂದ ಹೊರಡೋರು ಮೊದಲೇ ಆನ್‌ಲೈನಲ್ಲಿ ನೋಡ್ಕೊಂಡು ಹೋದ್ರೆ ಪ್ಯಾಲೇಸಲ್ಲಿ ಕಣ್ಣು ಬೇಗ ಪಳಗುತ್ತೆ.

ಪ್ಯಾಲೇಸ್ ಸುತ್ತಮುತ್ತ ಅಂಗಡಿಗಳಲ್ಲಿ "ಇದು ಇನ್ನೂರು ವರ್ಷ ಹಳೇದು" ಅಂತ ಕುದುರೆ ಚಿತ್ರ ತೋರಿಸ್ತಾರೆ. ಹಳೇ ದಸ್ತಾವೇಜು ಕಾಗದದ ಮೇಲೆ ಹೊಸದಾಗಿ ಬರೆದಿರ್ತಾರೆ ಅಷ್ಟೇ. ನೂರು ವರ್ಷ ದಾಟಿದ ಚಿತ್ರಗಳನ್ನ ದೇಶದಿಂದ ಹೊರಗೆ ಒಯ್ಯೋದು ಪ್ರಾಚೀನ ವಸ್ತುಗಳ 1972ರ ಕಾಯ್ದೆ ಪ್ರಕಾರ ಅಪರಾಧ, ವಿದೇಶದಿಂದ ಬಂದೋರು ನೆನಪಿಟ್ಕೊಳ್ಳಿ. ಕೂತು ಬರೆಯೋ ಕಲಾವಿದರ ಹತ್ರಾನೇ ಹೊಸ ಚಿತ್ರ ಅಂತ ಗೊತ್ತಿದ್ದೇ ಕೊಂಡ್ಕೊಳ್ಳಿ, ಸಯೀಸನನ್ನೂ ಸೇರಿಸಿ ಬರೀರಿ ಅಂತ ಕೇಳಿ.

ಹೋಗೋಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ಮೈಸೂರು, ಬೆಂಗಳೂರಿಂದ ವಾರಕ್ಕೊಂದು ಹಮ್‌ಸಫರ್ ರೈಲಿದೆ, ಎರಡು ರಾತ್ರಿ ಹಿಡಿಯುತ್ತೆ, ಟಿಕೆಟ್ ಮುಂಚೇನೇ ಮಾಡಿಸಿ. ಇನ್ನೊಂದು ದಿನ ಉಳಿದ್ರೆ ಹಲ್ದೀಘಾಟಿಗೆ ಟ್ಯಾಕ್ಸಿ ಮಾಡ್ಕೊಂಡು ಹೋಗಿ ಮಹಾರಾಣಾ ಪ್ರತಾಪನ ಕುದುರೆ ಚೇತಕ್‌ನ ಸಮಾಧಿ ನೋಡ್ಕೊಂಡು ಬನ್ನಿ, ನಲವತ್ತು ಕಿ.ಮೀ. ಚಿಲ್ಲರೆ ಆಗುತ್ತೆ.