ಅಷ್ಟೂರಿನ ದಾರಿಯಲ್ಲಿ ಮೂರು ದಿನ

ವಿಶ್ರಾಂತಿಗೆಂದು ಹೊರಟು, ಎರಡು ದಿನಗಳಲ್ಲಿ ಏಳೆಂಟು ಸ್ಥಳಗಳನ್ನು ಸುತ್ತಿ, ಹೊರಟಾಗಿನದಕ್ಕಿಂತ ಹೆಚ್ಚು ದಣಿದು ಮರಳಿದ ಅನುಭವ ನನಗೆ ಹಲವು ಸಲ ಆಗಿದೆ. ಆದ್ದರಿಂದ ಕಳೆದ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೀದರಿಗೆ ಹೊರಟಾಗ, ಮೂರು ದಿನವೂ ಅಲ್ಲಿಗೆ ಸಮೀಪದ ಅಷ್ಟೂರಿನ ಗುಂಬಜ್‌ಗಳ (ಗುಮ್ಮಟದ ಗೋರಿಗಳ) ಆಸುಪಾಸಿನಲ್ಲಿಯೇ ಇರಬೇಕೆಂದು ನಾನು ಮತ್ತು ನನ್ನ ಪತ್ನಿ ಮೊದಲೇ ನಿಶ್ಚಯಿಸಿಕೊಂಡಿದ್ದೆವು.

ಬಾಕಿ ಕೆಲಸಗಳ ಪಟ್ಟಿಯನ್ನು ಸಹೋದ್ಯೋಗಿಯೊಬ್ಬರಿಗೆ ಬರೆದುಕೊಟ್ಟೆ. ಉಳಿದುಕೊಳ್ಳುವ ವಸತಿಗೃಹದ ದೂರವಾಣಿ ಸಂಖ್ಯೆಯನ್ನು ಮನೆಯವರಿಗೆ ತಿಳಿಸಿ, ಮೊಬೈಲನ್ನು ಆರಿಸಿ ಚೀಲದ ತಳದಲ್ಲಿಟ್ಟೆ. ತುರ್ತು ಸುದ್ದಿ ತಲುಪುವ ಒಂದು ದಾರಿ ಇದೆಯೆಂಬ ಭರವಸೆ ಇಲ್ಲದಿದ್ದರೆ ಮೊಬೈಲನ್ನು ದೂರವಿಡಲು ಮನಸ್ಸು ಒಪ್ಪುವುದಿಲ್ಲ. ಹೈದರಾಬಾದ್ ಹತ್ತಿರವಿರುವುದರಿಂದ ಶನಿವಾರ, ಭಾನುವಾರ ಬೀದರಿನಲ್ಲಿ ಜನ ಹೆಚ್ಚು. ನಾವು ಮಂಗಳವಾರ ಹೋಗಿ ಶುಕ್ರವಾರ ಮರಳಿದೆವು. 2017ರಲ್ಲಿ ಆರಂಭವಾದ ಸುಮಾರು 110 ಕಿ.ಮೀ. ಉದ್ದದ ರೈಲು ಮಾರ್ಗವೇ ಈ ಪ್ರಯಾಣಕ್ಕೆ ಸೂಕ್ತ. ಎರೆಹೊಲಗಳ ತೊಗರಿಯನ್ನು ನೋಡುತ್ತ, ಮರಗುತ್ತಿಯ ಸುರಂಗವನ್ನು ಹಾದು, ಬೀದರಿನ ಕೆಂಪು ಜಂಬಿಟ್ಟಿಗೆ ನೆಲವನ್ನು ತಲುಪುವಷ್ಟರಲ್ಲಿ ಅರ್ಧ ಆಯಾಸ ಇಳಿದಿರುತ್ತದೆ.

ಅಷ್ಟೂರು ಬೀದರಿನಿಂದ ಮೂರ್ನಾಲ್ಕು ಕಿ.ಮೀ. ದೂರದಲ್ಲಿದೆ. ನಾವು ಪ್ರತಿದಿನವೂ ಬೆಳಗಿನ ತಂಪಿನಲ್ಲಿ ನಡೆದೇ ಹೋದೆವು. ದಾರಿಯಲ್ಲಿ ಸಿಗುವ, ಸೂಫಿ ಸಂತರೊಬ್ಬರ ಗೋರಿಯಾದ ಚೌಖಂಡಿಯ ಎಂಟು ಮೂಲೆಗಳ ಎತ್ತರದ ಗೋಡೆಯ ನೆರಳಿನಲ್ಲಿ ಒಂದು ಗಳಿಗೆ ಕುಳಿತರೆ ಮುಂದಿನ ನಡಿಗೆ ಹಗುರವಾಗುತ್ತದೆ. ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ 1436ರಲ್ಲಿ ತೀರಿಕೊಂಡ ಅಹಮದ್ ಶಾಹನ ಗುಂಬಜ್ ಬಹಳ ಹೊತ್ತನ್ನು ಬೇಡುತ್ತದೆ. ಒಳಗೆ ಹೋದ ಕೂಡಲೇ ಕತ್ತಲೆಯಲ್ಲದೆ ಬೇರೇನೂ ಕಾಣುವುದಿಲ್ಲ. ಹದಿನೈದು ನಿಮಿಷ ಸುಮ್ಮನೆ ಕುಳಿತ ಮೇಲೆ ಛಾವಣಿಯ ಕೆಂಪು ಮತ್ತು ಬಂಗಾರದ ಬಣ್ಣಗಳು, ಅವುಗಳ ನಡುವಿನ ಬರಹಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಮೊದಲ ದಿನ ನನ್ನ ಕೈ ಪದೇ ಪದೇ ಖಾಲಿ ಜೇಬಿನ ಕಡೆಗೆ ಹೋಗುತ್ತಿತ್ತು. ಎರಡನೆಯ ದಿನ ಅದೇ ಗುಂಬಜ್‌ನಲ್ಲಿ ಹಿಂದಿನ ದಿನ ಕಾಣದಿದ್ದ ಬಳ್ಳಿಗಳನ್ನು ಪತ್ನಿ ತೋರಿಸಿದಾಗ, ಒಂದೇ ಜಾಗಕ್ಕೆ ಮರಳಿ ಬಂದದ್ದು ಸಾರ್ಥಕವೆನಿಸಿತು.

ಹೋಳಿಯ ನಂತರ ಇಲ್ಲಿ ನಡೆಯುವ ಅಹಮದ್ ಶಾಹನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ಹಿಂದೂ ಮುಸ್ಲಿಮರು ಕೂಡಿ ನಡೆಯುತ್ತಾರೆ. ಅದು ನೋಡಲೇಬೇಕಾದ ಜಾತ್ರೆ. ಆದರೆ ಏಕಾಂತ ಬಯಸುವವರು ಆ ದಿನಗಳನ್ನು ಬಿಟ್ಟು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗುವುದು ಒಳ್ಳೆಯದು. ಬೀದರಿನ ಗುಹಾದೇವಾಲಯ ನರಸಿಂಹ ಝರಣಿ, ಸಿಖ್ಖರ ಗುರುದ್ವಾರ ನಾನಕ್ ಝೀರಾಗಳಲ್ಲಿ ಭಕ್ತರ ದಟ್ಟಣೆ ಇರುವುದರಿಂದ ಅವುಗಳನ್ನು ಇನ್ನೊಂದು ಪ್ರವಾಸಕ್ಕೆ ಬಿಟ್ಟೆವು. ಊರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇರುವುದರಿಂದ ಆಗಾಗ ವಿಮಾನಗಳ ಸದ್ದು ಕೇಳುತ್ತದೆ; ಗುಂಬಜ್‌ಗಳ ದಪ್ಪ ಗೋಡೆಗಳೊಳಗೆ ಅದು ಅಷ್ಟಾಗಿ ಬಾಧಿಸಲಿಲ್ಲ.

ಅಷ್ಟೂರಿಗೆ ಹೋಗುವಾಗ ಕುಡಿಯುವ ನೀರನ್ನೂ, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಬುತ್ತಿಯನ್ನೂ ಜೊತೆಗೊಯ್ಯಿರಿ. ಊಟಕ್ಕೆಂದು ಮಧ್ಯಾಹ್ನ ಊರಿಗೆ ಮರಳುವ ಓಡಾಟ ತಪ್ಪುತ್ತದೆ. ಮರಳಿದ ಮರುದಿನವೇ ಕಚೇರಿಗೆ ಹೋಗುವಂತಾಗದಿರಲು ಇನ್ನೊಂದು ದಿನದ ರಜೆಯನ್ನೂ ಮೊದಲೇ ಕೇಳಿಟ್ಟುಕೊಳ್ಳಿರಿ.